ಜಾತ್ರೆಯಲ್ಲಿ ಕುಡುಗೋಲಿನ ವ್ಯಾಪಾರ

ಜಾತ್ರೆಯ ವಿಚಾರವಾಗಿ ಬರೆಯುವವರು ತೇರು, ಕಡಲೆಪುರಿ, ಬಳೆಯಂಗಡಿ, ತಿರುಗುವ ತೊಟ್ಟಿಲು ಇವುಗಳನ್ನು ವರ್ಣಿಸುವುದುಂಟು. ಕಬ್ಬಿಣದ ಸಾಲಿನ ಕಡೆಗೆ ಅವರ ಕಣ್ಣು ಹೊರಳುವುದು ಅಪರೂಪ. ಮುಳಬಾಗಿಲು ತಾಲ್ಲೂಕಿನ ದೇವರಾಯಸಮುದ್ರ ನನ್ನ ಊರು. ಅಲ್ಲಿಗೆ ಸಮೀಪದ ಆವನಿಯಲ್ಲಿ ಶಿವರಾತ್ರಿಯ ಸುಮಾರಿಗೆ ರಾಮಲಿಂಗೇಶ್ವರನ ಜಾತ್ರೆಯೂ ದನಗಳ ಪರಿಷೆಯೂ ಕೂಡುತ್ತವೆ. ದನ ಕಟ್ಟುವ ಬಯಲಿನ ಅಂಚಿನಲ್ಲಿ ಗೋಣಿಚೀಲ ಹಾಸಿ, ಕುಡುಗೋಲು, ಮಚ್ಚು, ಗುದ್ದಲಿ, ಈಳಿಗೆಮಣೆಗಳನ್ನು ಹರಡಿಕೊಂಡು ಕೂರುವ ಕಮ್ಮಾರರ ನಡುವೆ ನಮ್ಮ ತಾತನೂ ಚಿಕ್ಕಪ್ಪನೂ ಇರುತ್ತಾರೆ. ಗಿರಾಕಿಗಳು ಅಲ್ಲಿ ಏಕೆ ಕಡಮೆಯಾಗುತ್ತಿದ್ದಾರೆಂಬುದನ್ನು, ಅರ್ಥಶಾಸ್ತ್ರದ ತರಗತಿಯಲ್ಲಿ ಕಲಿತಷ್ಟರ ಬಲದಿಂದ, ಇಲ್ಲಿ ವಿಚಾರಮಾಡಿದ್ದೇನೆ.

ಮೊದಲು ಒಂದು ಸಂಗತಿಯನ್ನು ಹೇಳಬೇಕು. ಹಿಂದೆ ಹಳ್ಳಿಯ ಕಮ್ಮಾರ ವ್ಯಾಪಾರಿಯೇ ಆಗಿರಲಿಲ್ಲ. ಆತ ಊರಿನ ಆಯಗಾರರಲ್ಲಿ ಒಬ್ಬ. ವರ್ಷವೆಲ್ಲ ರೈತನ ನೇಗಿಲ ಗುಳ ತಟ್ಟಿ, ಕುಡುಗೋಲಿಗೆ ಕಕ್ಕು ಹಾಕಿ, ಸುಗ್ಗಿಯಲ್ಲಿ ಕಣಕ್ಕೆ ಹೋಗಿ ತನ್ನ ಪಾಲಿನ ರಾಗಿಯನ್ನು ಅಳೆಸಿಕೊಂಡು ಬರುತ್ತಿದ್ದ. ನಗದಿನ ಮುಖ ಕಾಣುತ್ತಿದ್ದುದು ಜಾತ್ರೆಯಲ್ಲಿ ಮಾತ್ರ. ಆಯದ ಪದ್ಧತಿ ಹೋದ ಮೇಲೆ ಜಾತ್ರೆ ಸಂತೆಗಳೇ ಅವನ ಜೀವನಾಧಾರವಾದುವು. ಆದ್ದರಿಂದ ಜಾತ್ರೆಗೆ ಬಿದ್ದ ಪೆಟ್ಟು ಈಗ ನೇರವಾಗಿ ಕುಲುಮೆಗೆ ಬೀಳುತ್ತದೆ.

ಪೆಟ್ಟುಗಳೂ ಒಂದರ ಹಿಂದೆ ಒಂದು ಬಂದುವು. 2016ರ ನವೆಂಬರಿನಲ್ಲಿ ಐನೂರು, ಸಾವಿರದ ನೋಟುಗಳು ರದ್ದಾದುವು. 2020ರ ಮಾರ್ಚಿಯಿಂದ ಕೊರೋನಾ ಬಂದು ಜನ ಸೇರುವುದೇ ನಿಂತಿತು. 2022ರಲ್ಲಿ ದನಗಳಿಗೆ ಚರ್ಮಗಂಟು ರೋಗ ಹರಡಿ, ರಾಜ್ಯದ ಹಲವೆಡೆ ದನಗಳ ಪರಿಷೆಗಳನ್ನು ನಿಲ್ಲಿಸಿದರು. ಇವಕ್ಕಿಂತ ಸದ್ದಿಲ್ಲದ ಕಾರಣ ಟೊಮೇಟೊ. ನಮ್ಮ ಜಿಲ್ಲೆಯ ರೈತನ ಕೈಯಲ್ಲಿ ಹಣ ಓಡಾಡುವುದೂ ಓಡಾಡದಿರುವುದೂ ಕೋಲಾರದ ಮಾರುಕಟ್ಟೆಯ ಆ ಪೆಟ್ಟಿಗೆಯ ಮೇಲೆ ನಿಂತಿದೆ. 2023ರ ಜುಲೈಯಲ್ಲಿ 15 ಕಿಲೋ ಪೆಟ್ಟಿಗೆ 2,000 ರೂಪಾಯಿ ದಾಟಿತ್ತು. ಕೆಟ್ಟ ದಿನಗಳಲ್ಲಿ ಕೊಯ್ಲಿನ ಕೂಲಿಯೂ ಹುಟ್ಟದೆ ಹಣ್ಣನ್ನು ರಸ್ತೆಗೆ ಸುರಿದವರನ್ನೂ ನಾವು ಕಂಡಿದ್ದೇವೆ.

ಕೈ ಬಿಗಿಯಾದಾಗ ರೈತ ಏನು ಮಾಡುತ್ತಾನೆ? ಕುಡುಗೋಲಿಲ್ಲದೆ ಬದುಕಲಾರ, ಆದರೆ ಹೊಸದನ್ನು ಮುಂದಿನ ವರ್ಷಕ್ಕೆ ತಳ್ಳಬಲ್ಲ. "ಆಚಾರ್ರೇ, ಇದನ್ನೇ ಒಂದು ಸಲ ತಟ್ಟಿ ಕೊಡಿ" ಎಂದು ಹಳೆಯದನ್ನೇ ಮುಂದೆ ಹಿಡಿಯುತ್ತಾನೆ. ಹೊಸದರ ಮಾರಾಟ ಇಳಿದಷ್ಟೂ ಸಾಣೆಯ ಕೆಲಸ ಏರುವುದನ್ನು ನಾನೇ ನೋಡಿದ್ದೇನೆ. ಅಮೆರಿಕದ ಅಟ್ಲಾಂಟಾ ನಗರದಲ್ಲಿ ಕೈಯಿಂದ ಚಾಕು ಮಾಡುವವರು ಮೇಜು ಹಿಡಿದು ಮಾರುವ ದೊಡ್ಡ ಪ್ರದರ್ಶನವೊಂದು ವರ್ಷವರ್ಷವೂ ನಡೆಯುತ್ತದೆ. ಅಲ್ಲಿ ಕೊಳ್ಳುವವರಲ್ಲಿ ಸಂಗ್ರಹದ ಹವ್ಯಾಸಿಗಳು ಬಹಳ. ಹವ್ಯಾಸವನ್ನು ಮುಂದೂಡುವುದು ಇನ್ನೂ ಸುಲಭ, ಹಾಗೆ ಮುಂದೂಡಿದವನು ಸಾಣೆಗೂ ಬರುವುದಿಲ್ಲ. ಈ ಒಂದು ವಿಷಯದಲ್ಲಿ ಆವನಿಯ ಗೋಣಿಚೀಲವೇ ಗಟ್ಟಿ ಎನ್ನಬಹುದು.

ಇನ್ನು ಫೋನಿನಲ್ಲಿ ಕೊಳ್ಳುವ ವಿಚಾರ. ಫ್ಲಿಪ್‌ಕಾರ್ಟ್ 2007ರಲ್ಲಿ ನಮ್ಮ ಬೆಂಗಳೂರಿನಲ್ಲೇ ಹುಟ್ಟಿದ್ದು. ಈಗ ಅಂತಹ ಅಂಗಡಿಗಳ ಪೊಟ್ಟಣ ನಮ್ಮೂರ ಬಾಗಿಲಿಗೂ ಬರುತ್ತದೆ. ಹೋದ ಜಾತ್ರೆಯಲ್ಲಿ ಒಬ್ಬ ಹುಡುಗ ನಮ್ಮ 180 ರೂಪಾಯಿಯ ಕುಡುಗೋಲನ್ನು ಎತ್ತಿ ನೋಡಿ, 120ಕ್ಕೆ ಸಿಗುವ ಕುಡುಗೋಲಿನ ಚಿತ್ರವನ್ನು ಫೋನಿನಲ್ಲಿ ತೋರಿಸಿದ. ತಾತ ಸಿಟ್ಟಾಗಲಿಲ್ಲ. "ಇದರ ಹದ ಎಂಥದಪ್ಪ?" ಎಂದು ಕೇಳಿದರು. ಹುಡುಗನಿಗೆ ಪ್ರಶ್ನೆಯೇ ತಿಳಿಯಲಿಲ್ಲ.

ಓದುಗರಲ್ಲಿಯೂ ಅನೇಕರಿಗೆ ತಿಳಿಯದಿರಬಹುದಾದ್ದರಿಂದ ವಿವರಿಸುತ್ತೇನೆ. ನಮ್ಮವರು ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿಯನ್ನು ತರುತ್ತಾರೆ. ಅದು ಉಕ್ಕು, ಅದರಲ್ಲಿ ಇಂಗಾಲ ನೂರಕ್ಕೆ ಅರ್ಧ ಭಾಗಕ್ಕಿಂತ ತುಸು ಹೆಚ್ಚು. ಇಂಗಾಲ ತೀರ ಕಡಮೆಯಾದ ಕಬ್ಬಿಣಕ್ಕೆ ಎಷ್ಟು ಸಾಣೆ ಹಿಡಿದರೂ ಮೊನೆ ನಿಲ್ಲದು. ಬಡಿದು ರೂಪಕ್ಕೆ ತಂದ ಅಲಗನ್ನು ಕೆಂಡದಂತೆ ಕೆಂಪಗೆ ಕಾಯಿಸಿ, ಬಾಯಿಯ ಭಾಗವನ್ನು ಮಾತ್ರ ನೀರಿನಲ್ಲಿ ಅದ್ದುತ್ತಾರೆ. ಆಗ ಬಾಯಿ ಗಾಜಿನಂತೆ ಗಡುಸಾಗುತ್ತದೆ, ಗಾಜಿನಂತೆಯೇ ಒಡೆಯಲೂ ಬಲ್ಲುದು. ಕೂಡಲೇ ಅದನ್ನು ಕಲ್ಲಿಗೆ ಉಜ್ಜಿ ಹೊಳಪು ಮಾಡಿದರೆ, ಬೆನ್ನಿನಲ್ಲಿ ಉಳಿದ ಕಾವು ಬಾಯಿಯ ಕಡೆಗೆ ನಡೆದುಬರುತ್ತ ಬಣ್ಣ ತೋರಿಸುತ್ತದೆ: ಮೊದಲು ಒಣಹುಲ್ಲಿನ ಬಣ್ಣ, ಆಮೇಲೆ ಕಂದು, ನೇರಳೆ, ಕೊನೆಗೆ ನೀಲಿ. ನೀಲಿಗೆ ಹೋದರೆ ಬಾಯಿ ಮೆದುವಾಯಿತು. ಹುಲ್ಲಿನ ಬಣ್ಣ ಕಂದಿಗೆ ತಿರುಗುವಷ್ಟರಲ್ಲಿ ಮತ್ತೆ ನೀರಿಗೆ ಹಾಕಬೇಕು. ಇದೇ ಹದ. ಮಾರುವ ಹೊತ್ತಿಗೆ ಸಾಣೆಯಲ್ಲಿ ಬಣ್ಣವೆಲ್ಲ ಅಳಿಸಿಹೋಗಿರುತ್ತದೆ. ಹದವಾದದ್ದಕ್ಕೂ ಆಗದ್ದಕ್ಕೂ ಚಿತ್ರದಲ್ಲಿ ಭೇದವಿಲ್ಲ. ಜಾತ್ರೆಯ ಗಿರಾಕಿ ಉಗುರಿನ ಮೇಲೆ ಬಾಯಿ ಆಡಿಸುತ್ತಾನೆ, ಅಲಗನ್ನು ಮಿಡಿದು ಸದ್ದು ಕೇಳುತ್ತಾನೆ, ಕೈಯಲ್ಲಿ ತೂಗುತ್ತಾನೆ. ಎಡಗೈಯವನಾದರೆ ಎಡಗೈಗೇ ಬೇಕೆಂದು ಕೇಳಿ ಮಾಡಿಸಿಕೊಳ್ಳುತ್ತಾನೆ, ಏಕೆಂದರೆ ಕಕ್ಕು ಒಂದೇ ಮಗ್ಗುಲಿಗಿರುತ್ತದೆ. ಮುರಿದರೆ ಮುಂದಿನ ವರ್ಷ ಅದೇ ಜಾಗಕ್ಕೆ ಬಂದು ಬಯ್ಯುತ್ತಾನೆ. ಬಯ್ಗುಳ ಅರ್ಧ ತೆಲುಗಿನಲ್ಲಿರುವುದು ನಮ್ಮ ಸೀಮೆಯ ವಿಶೇಷ.

ಎಲ್ಲ ತಪ್ಪನ್ನೂ ಫೋನಿನ ತಲೆಗೆ ಕಟ್ಟುವುದು ನ್ಯಾಯವಲ್ಲ. ಟ್ರ್ಯಾಕ್ಟರು ಬಂದು ಎತ್ತುಗಳು ಕಡಮೆಯಾದುವು, ಎತ್ತಿನ ಜೊತೆಗೆ ಪರಿಷೆಗೆ ಬರುವ ರೈತನೂ ಕಡಮೆಯಾದ. ರಾಗಿ ಕೊಯ್ಯುವ ಯಂತ್ರವೂ ಬಂದಿದೆ.

ಹಾಗಾದರೆ ಕಮ್ಮಾರನೇ ಫೋನಿನಲ್ಲಿ ಮಾರಬಾರದೆ ಎಂದು ಗೆಳೆಯರು ಕೇಳುತ್ತಾರೆ. ಕೈಯಿಂದ ಬಳಸುವ ಕುಡುಗೋಲು ಗುದ್ದಲಿಗಳಿಗೆ ಜಿಎಸ್‌ಟಿ ಇಲ್ಲ. ಅಡಿಗೆಯ ಚಾಕುವಿಗೆ ಉಂಟು. 2022ರ ಜುಲೈ 18ರಿಂದ ಅದು ನೂರಕ್ಕೆ 12ರಿಂದ 18ಕ್ಕೆ ಏರಿತು. ನಮ್ಮಂತಹ ಸಣ್ಣವರು ತಮ್ಮೂರಲ್ಲಿ ಮಾರಲು ನೋಂದಣಿ ಬೇಕಿಲ್ಲ. ಆದರೆ ಅದೇ ಚಾಕುವನ್ನು ಆನ್‌ಲೈನ್ ಅಂಗಡಿಯ ಮೂಲಕ ಮಾರಬೇಕಾದರೆ, ವ್ಯಾಪಾರ ಎಷ್ಟೇ ಚಿಕ್ಕದಾಗಿರಲಿ, ಜಿಎಸ್‌ಟಿ ನೋಂದಣಿ ಕಡ್ಡಾಯವಾಗಿತ್ತು. 2023ರ ಅಕ್ಟೋಬರ್ 1ರಿಂದ ರಾಜ್ಯದೊಳಗಿನ ಮಾರಾಟಕ್ಕೆ ಈ ಕಟ್ಟನ್ನು ಸಡಿಲಿಸಿದರು. ದೊಡ್ಡ ಕಾರ್ಖಾನೆಗಳು ಆ ಅಂಗಡಿಗಳಲ್ಲಿ ಬೇರೂರಿ ಎಷ್ಟೋ ವರ್ಷಗಳಾದ ಮೇಲೆ ಬಂದ ಸಡಿಲಿಕೆ ಇದು. ಅದೇ ವರ್ಷ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕಮ್ಮಾರಿಕೆಯೂ ಸೇರಿದೆ. ಉಪಕರಣಗಳಿಗೆ 15,000 ರೂಪಾಯಿ, ನೂರಕ್ಕೆ 5ರ ಬಡ್ಡಿಯಲ್ಲಿ ಸಾಲ ಅದರಲ್ಲಿವೆ. ಒಳ್ಳೆಯದೇ. ನಮ್ಮ ಚಿಕ್ಕಪ್ಪನಿಗೆ ಬೇಕಾಗಿರುವುದು ಸುತ್ತಿಗೆಗಿಂತ ಗಿರಾಕಿ.

ಜಾತ್ರೆಗೆ ಹೋಗಿಬರುವ ಖರ್ಚು, ಮಾರಿದ್ದು ಹತ್ತಾದರೂ ನೂರಾದರೂ ಒಂದೇ. ಆಟೋ ಬಾಡಿಗೆ, ನೆಲದ ಸುಂಕ, ಮೂರು ದಿನದ ಊಟ ಎಲ್ಲವೂ ಮಾರಿದ ಅಷ್ಟೇ ಕುಡುಗೋಲುಗಳ ಮೇಲೆ ಬೀಳಬೇಕು. ಮಾರಾಟ ಇಳಿದಂತೆಲ್ಲ ಒಂದೊಂದರ ಮೇಲಿನ ಭಾರ ಏರಿ, ಕೊನೆಗೆ ಒಬ್ಬ ಕಮ್ಮಾರ ಬರುವುದನ್ನೇ ಬಿಡುತ್ತಾನೆ. ಸಾಲು ಚಿಕ್ಕದಾದರೆ ನಾಲ್ಕು ಕಡೆ ನೋಡಿ ಕೊಳ್ಳುವ ಗಿರಾಕಿಯೂ ಬರುವುದಿಲ್ಲ. ಬರದವನ ಜೊತೆಗೆ ಅವನ ಸಾಣೆಯೂ ಹೋಗುತ್ತದೆ. ಅಗ್ಗದ ಕುಡುಗೋಲು ಕೊಂಡ ಹುಡುಗ ಅದು ಮೊಂಡಾದಾಗ ಯಾರ ಬಳಿಗೆ ಹೋಗಬೇಕು?

ಮುಂದಿನ ಶಿವರಾತ್ರಿಗೆ ಹೋಗುವುದೋ ಬೇಡವೋ ಎಂಬುದು ನಮ್ಮ ಮನೆಯಲ್ಲಿ ಇನ್ನೂ ತೀರ್ಮಾನವಾಗಿಲ್ಲ. ಚಿಕ್ಕಪ್ಪ ಈಗ ಹಿಡಿಯ ಮೇಲೆ ಫೋನಿನ ನಂಬರನ್ನು ಸುಟ್ಟು ಬರೆಯುತ್ತಾರೆ. ಅದನ್ನು ನೋಡಿ ಬಂದ ಮೊದಲ ಕರೆ ಚಿಂತಾಮಣಿಯ ಕಡೆಯದು: ಎಡಗೈಗೆ ಎರಡು ಕುಡುಗೋಲು ಬೇಕಂತೆ, ಅಂಚೆಯಲ್ಲಿ ಬೇಡ, ಜಾತ್ರೆಗೇ ಬಂದು ಕೈಯಲ್ಲಿ ಹಿಡಿದು ನೋಡಿ ಕೊಳ್ಳುತ್ತಾರಂತೆ.