ತಕ್ಕೋಲದ ಕಾಳಗವೂ ಗಜಾರೂಢ ನಾಯಕತ್ವವೂ

ಹುಬ್ಬಳ್ಳಿ-ಧಾರವಾಡಗಳ ಪೂರ್ವಕ್ಕೆ ಹಬ್ಬಿರುವ ಎರೆಯ ನೆಲವು ಪ್ರಾಚೀನ ಶಾಸನಗಳಲ್ಲಿ ಬೆಳ್ವೊಲ 300 ಎಂಬ ಹೆಸರಿನಿಂದ ಸುಪ್ರಸಿದ್ಧವಾಗಿದೆ. ಅಣ್ಣಿಗೇರಿಯು ಅದರ ಮುಖ್ಯ ಪಟ್ಟಣವಾಗಿದ್ದಿತು. ಈ ನಾಡಿನ ಇತಿಹಾಸವು ದೂರದ ತಮಿಳುನಾಡಿನ ರಣಭೂಮಿಯೊಂದರೊಡನೆ ಹೆಣೆದುಕೊಂಡಿರುವುದು ವಿಚಾರಾರ್ಹವಾದ ಸಂಗತಿ. ಕ್ರಿ.ಶ. 949ರಲ್ಲಿ ಅರಕ್ಕೋಣದ ಬಳಿಯ ತಕ್ಕೋಲದಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನೂ ಅವನ ಭಾವನಾದ ಗಂಗ ಬೂತುಗನೂ ಚೋಳ ಪರಾಂತಕನ ಮಗ ರಾಜಾದಿತ್ಯನನ್ನು ಎದುರಿಸಿದರು. ರಾಜಾದಿತ್ಯನು ಮಡಿದನು, ಚೋಳಸೈನ್ಯವು ಮುರಿದುಬಿದ್ದಿತು.

ಈ ಮರಣದ ರೀತಿಯನ್ನು ಉಭಯಪಕ್ಷದ ಶಾಸನಗಳು ಬೇರೆಬೇರೆಯಾಗಿ ತಿಳಿಸುತ್ತವೆ. ಮದ್ದೂರು ತಾಲ್ಲೂಕಿನ ಆತಕೂರಿನ ಶಿಲಾಶಾಸನದ ಪ್ರಕಾರ ಬೂತುಗನು ಆನೆಯ ಬಿಸುಗೆಯನ್ನೇ ಕಳನನ್ನಾಗಿ ಮಾಡಿಕೊಂಡು ಶತ್ರುವನ್ನು ಇರಿದನು. ಆ ವಾಕ್ಯದಲ್ಲಿ ಕಪಟದ ಸೂಚನೆಯುಂಟೇ ಎಂಬ ವಿಷಯದಲ್ಲಿ ವಿದ್ವಾಂಸರಲ್ಲಿ ಮತಭೇದವಿದೆ. ಚೋಳರ ಲೈಡನ್ ತಾಮ್ರಪಟಗಳಾದರೋ ರಾಜಾದಿತ್ಯನು ಬಾಣಗಳಿಂದ ಎದೆಯೊಡೆದು ಸತ್ತನೆನ್ನುತ್ತವೆ. ಆದರೆ ಅವನು ಆನೆಯ ಮೇಲೆಯೇ ಅಳಿದನೆಂಬುದರಲ್ಲಿ ಎರಡಕ್ಕೂ ಭೇದವಿಲ್ಲ. ಯುದ್ಧತಂತ್ರದ ದೃಷ್ಟಿಯಿಂದ ಮುಖ್ಯವಾದುದು ಇದೇ.

ಪ್ರಾಚೀನ ಭಾರತದ ರಣದಲ್ಲಿ ಗಜಾರೂಢನಾದ ಅರಸನು ಸೈನ್ಯದ ಸಜೀವ ಧ್ವಜದಂತಿದ್ದನು. ಆತನು ಎಲ್ಲರಿಗೂ ಕಾಣುತ್ತಿದ್ದುದರಿಂದ ಪಡೆಗೆ ಧೈರ್ಯ. ಹಗೆಗೂ ಕಾಣುತ್ತಿದ್ದುದರಿಂದ ಅಪಾಯ. ಬಿಸುಗೆ ಬರಿದಾದೊಡನೆ ಆಜ್ಞೆಯೂ ಆಶ್ರಯವೂ ಒಮ್ಮೆಗೇ ಲೋಪವಾಗುತ್ತಿದ್ದವು. ತಕ್ಕೋಲದಲ್ಲಿ ನಡೆದುದು ಇದು. ತತ್ಫಲವಾಗಿ ತೊಂಡೈಮಂಡಲವು ಕೃಷ್ಣನ ವಶವಾಯಿತು, ಕ್ರಿ.ಶ. 959ರಲ್ಲಿಯೂ ಅವನು ಮೇಲ್ಪಾಡಿಯಲ್ಲಿ ಬೀಡುಬಿಟ್ಟಿದ್ದುದು ಕರ್ಹಾಡದ ತಾಮ್ರಪಟಗಳಿಂದ ವಿದಿತವಾಗುತ್ತದೆ.

ಸುಮಾರು ಒಂದು ಶತಮಾನದ ತರುವಾಯ ಇದೇ ಪ್ರಸಂಗವು ಮರುಕಳಿಸಿತು. ಕ್ರಿ.ಶ. 1054ರ ಸುಮಾರಿಗೆ ಕೊಪ್ಪಂ ಎಂಬಲ್ಲಿ ಚಾಲುಕ್ಯ ಒಂದನೆಯ ಸೋಮೇಶ್ವರನೊಡನೆ ಕಾದಿದ ಚೋಳ ರಾಜಾಧಿರಾಜನೂ ಆನೆಯ ಮೇಲೆಯೇ ಮಡಿದನು. ಆದರೆ ಈ ಸಾರಿ ತಮ್ಮನಾದ ರಾಜೇಂದ್ರನು ಮುಂದೆ ಬಂದು, ಚೆದರುತ್ತಿದ್ದ ಪಡೆಯನ್ನು ನಿಲ್ಲಿಸಿ, ರಣದಲ್ಲಿಯೇ ಪಟ್ಟಾಭಿಷಿಕ್ತನಾದನೆಂದು ಅವನ ಶಾಸನಗಳು ಹೇಳುತ್ತವೆ. ಚಾಲುಕ್ಯರ ಬಾಣಗಳು ಅವನ ಆನೆಯ ಕುಂಭಸ್ಥಳಕ್ಕೂ ಅವನ ತೊಡೆಗೂ ನಾಟಿದುವೆಂಬ ಮಾತು ಗಮನಾರ್ಹ: ಗಜಾರೂಢ ನಾಯಕನನ್ನೇ ಗುರಿಯಿಡುವ ತಂತ್ರವು ಕನ್ನಡ ಸೈನ್ಯದಲ್ಲಿ ಮುಂದುವರಿದಿತ್ತು. ಅದಕ್ಕೆ ಪ್ರತಿಯಾದುದು ಆನೆಯನ್ನು ತ್ಯಜಿಸುವುದಲ್ಲ, ಎರಡನೆಯ ನಾಯಕನು ಕಳದಲ್ಲಿ ಸಿದ್ಧನಾಗಿರುವುದು. ಇದನ್ನು ತಕ್ಕೋಲದ ಪಾಠವೆಂದು ಯಾವ ಶಾಸನವೂ ಹೇಳುವುದಿಲ್ಲವಾದರೂ ಎರಡು ಕಾಳಗಗಳ ಫಲಭೇದಕ್ಕೆ ಇದೇ ಪ್ರಬಲವಾದ ಕಾರಣವೆಂದು ಊಹಿಸಬಹುದಾಗಿದೆ.

ಇನ್ನು ಬೆಳ್ವೊಲದ ಸಂಬಂಧ. ಆತಕೂರಿನ ಶಾಸನವು ಕೃಷ್ಣನು ಮೆಚ್ಚಿ ಬೂತುಗನಿಗೆ ಬನವಾಸಿ 12000, ಬೆಳ್ವೊಲ 300, ಪುರಿಗೆರೆ 300, ಕಿಸುಕಾಡು 70, ಬಾಗೆನಾಡು 70 ಎಂಬಿವುಗಳನ್ನು ಕೊಟ್ಟನೆನ್ನುತ್ತದೆ. ಧಾರವಾಡ ಸೀಮೆಯ ಹೆಬ್ಬಾಳದ ಶಾಸನವೋ ಬನವಾಸಿಯ ಹೊರತು ಉಳಿದವು ಕೃಷ್ಣನ ಸೋದರಿ ರೇವಕನಿಮ್ಮಡಿಯ ಬಳುವಳಿಯಾಗಿ ಮೊದಲೇ ಬೂತುಗನಿಗೆ ಬಂದಿದ್ದುವೆಂದು ಹೇಳುತ್ತದೆ. ತಕ್ಕೋಲದ ಬಹುಮಾನವು ಆ ಹಕ್ಕನ್ನು ಸ್ಥಿರಪಡಿಸಿ ಬನವಾಸಿಯನ್ನು ಕೂಡಿಸಿತೆಂದು ಭಾವಿಸಿದಲ್ಲಿ ವಿರೋಧವು ಪರಿಹಾರವಾಗುತ್ತದೆ.

ಬೂತುಗನು ಅಣ್ಣಿಗೇರಿಯಲ್ಲಿ ಕಟ್ಟಿಸಿದ ಗಂಗಪೆರ್ಮಾಡಿ ಬಸದಿಯನ್ನು ಚೋಳನು ಸುಟ್ಟು, ಬಳಿಕ ಸೋಮೇಶ್ವರನಿಗೆ ತಲೆಯೊಪ್ಪಿಸಿದನೆಂದು ಗಾವರವಾಡದ 11ನೆಯ ಶತಮಾನದ ಶಾಸನವು ನೆನೆಯುತ್ತದೆ. ಅಲ್ಲಿ ಅಳಿದ ಅರಸನ ಮಾತುಂಟು, ಗೆದ್ದ ತಮ್ಮನ ಮಾತಿಲ್ಲ. ಚೋಳಶಾಸನಗಳಲ್ಲಿ ಗೆಲುವೇ ಪ್ರಧಾನ. ಆದುದರಿಂದ ಒಂದು ಕಾಳಗದ ನಿಜವನ್ನರಿಯಲು ಎರಡೂ ನಾಡುಗಳ ಕಲ್ಲುಗಳನ್ನು ಒಟ್ಟಿಗಿಟ್ಟು ಓದುವುದು ಅವಶ್ಯವಾಗಿದೆ.