ಹಳೇ ಸ್ಪೀಕರ್‌ಗೆ ಹೊಸ ದಿಕ್ಕು

ನಿಮ್ಮ ಮನೆಯಲ್ಲೂ ಬೀರುವಿನ ತಲೆ ಮೇಲೋ, ಸಜ್ಜದ ಮೂಲೆಯಲ್ಲೋ ಮರದ ಪೆಟ್ಟಿಗೆಯಂಥ ಎರಡು ಸ್ಪೀಕರ್ ಧೂಳು ತಿನ್ನುತ್ತಾ ಕೂತಿರಬಹುದು, ನೋಡಿ. ಎಂಬತ್ತರ ದಶಕದಲ್ಲಿ ಕೊಬ್ಬರಿಗೆ ಒಳ್ಳೆ ರೇಟು ಸಿಕ್ಕಿದ ವರ್ಷ ಮಾವನವರೋ, ತಂದೆಯವರೋ ಆಸೆಪಟ್ಟು ಬೆಂಗಳೂರಿನಿಂದ ತಂದದ್ದು. ಫಿಲಿಪ್ಸ್, ಸೊನೊಡೈನ್, ಕಾಸ್ಮಿಕ್, ಬಿಪಿಎಲ್ ಅಂತ ಹೆಸರು ಇನ್ನೂ ಮುಂದೆ ಅಂಟಿಕೊಂಡಿರುತ್ತೆ. ದೀಪಾವಳಿ ಕ್ಲೀನಿಂಗ್ ಬಂದಾಗಲೆಲ್ಲ "ಇದನ್ನ ಗುಜರಿಗೆ ಹಾಕಿಬಿಡೋಣ" ಅನ್ನೋ ಮಾತು ಏಳುತ್ತೆ. ಹಾಕೋ ಮುಂಚೆ ಒಂದು ಸಂಜೆ ನನಗೆ ಕೊಡಿ. ಖರ್ಚೇನಿಲ್ಲ. ಒಂದು ಹಗ್ಗ, ಒಂದು ಕೈಗನ್ನಡಿ, ಒಂದು ಹಳೇ ಹವಾಯಿ ಚಪ್ಪಲಿ ಇದ್ದರೆ ಸಾಕು.

ನಮ್ಮ ಮನೆಯಲ್ಲಿ ಇದು ಶುರುವಾದದ್ದು ಹಾಡಿನಿಂದಲ್ಲ, ಅತ್ತೆಯಿಂದ. ಮಾವನವರು ತೀರಿಕೊಂಡ ಮೇಲೆ ತುರುವೇಕೆರೆ ಕಡೆಯ ಹಳ್ಳಿ ಮನೆಗೆ ಬೀಗ ಹಾಕಿ ಅತ್ತೆಯನ್ನು ತಿಪಟೂರಿಗೆ ಕರೆದುಕೊಂಡು ಬಂದೆವು. ಅವರ ಜೊತೆ ಬಂದದ್ದು ಒಂದು ಟ್ರಂಕು, ಮಾವನವರ ಸ್ಟೀರಿಯೊ, ಎರಡು ಸ್ಪೀಕರ್, ಒಂದು ಚೀಲ ಕ್ಯಾಸೆಟ್. ಹಾಲ್‌ನಲ್ಲಿ ಜಾಗ ಎಲ್ಲಿದೆ? ಒಂದನ್ನು ಶೋಕೇಸ್ ಮೇಲೆ, ಇನ್ನೊಂದನ್ನು ಬಾಗಿಲ ಹಿಂದಿನ ಮೂಲೆಯಲ್ಲಿ ಅಡ್ಡಡ್ಡ ಮಲಗಿಸಿ ಇಟ್ಟೆವು. ಸಂಜೆ ಹೊತ್ತು ಅತ್ತೆ ಭಾವಗೀತೆ ಹಾಕಿಸಿಕೊಂಡು ಕೂರೋರು. ಹದಿನೈದು ದಿನ ಆಗಿಲ್ಲ, "ಬುಡವ್ವ ಅತ್ಲಾಗೆ, ಹಾಡೋದು ಕೇಳ್ತದೆ, ಪದ ತಿಳಿಯಲ್ಲ" ಅಂತ ಎದ್ದು ಹೋಗಿಬಿಟ್ಟರು. "ಅಮ್ಮಂಗೆ ಕಿವಿ ಮಂದ ಆಗಿದೆ" ಅಂತ ನಮ್ಮೆಜಮಾನರು ತೀರ್ಪು ಕೊಟ್ಟರು. ನಾನೂ ಹೂಂ ಅಂದೆ. ಅದಾದ ಮೇಲೆ ಎಲ್ಲರೂ ಅವರ ಹತ್ತಿರ ಕೂಗಿ ಮಾತಾಡೋಕೆ ಶುರು. ಅತ್ತೆ ಮಾತೇ ಕಡಿಮೆ ಮಾಡಿದರು.

ಒಂದು ಭಾನುವಾರ ಕಸ ಗುಡಿಸೋದಕ್ಕೆ ಅಂತ ಮೂಲೆಯ ಸ್ಪೀಕರ್ ಎತ್ತಿ ನನ್ನ ಕುರ್ಚಿ ಎದುರು ಇಟ್ಟೆ. ಹಾಡು ನಡೀತಾನೇ ಇತ್ತು. ಅಯ್ಯೋ, ನನಗೂ ಅಲ್ಲಿಯವರೆಗೆ ಪದ ಸರಿಯಾಗಿ ಕೇಳಿಸಿರಲಿಲ್ಲ ಅಂತ ಆಗ ಗೊತ್ತಾಯ್ತು!

ಟಾರ್ಚು ಮತ್ತು ಒಗ್ಗರಣೆ

ಆಮೇಲೆ ಓದಿ, ಬಲ್ಲವರನ್ನು ಕೇಳಿ ತಿಳಿದುಕೊಂಡದ್ದನ್ನು ಅಡುಗೆಮನೆ ಭಾಷೆಯಲ್ಲೇ ಹೇಳ್ತೀನಿ. ಮೃದಂಗದ ಎಡಗಡೆಯ ಗುಂಕಾರದಂಥ ದಪ್ಪ ಸ್ವರ ಒಗ್ಗರಣೆ ಘಾಟಿನ ಹಾಗೆ. ಎಲ್ಲಿ ಹಾಕಿದರೂ ಮನೆಯೆಲ್ಲ ಹರಡುತ್ತೆ. ತಾಳದ ಕಿಣಿಕಿಣಿ, ಕೊಳಲು, ಮಾತಿನ ಸ, ಶ, ತ, ಕ ಮುಂತಾದ ಸಣ್ಣ ಸದ್ದುಗಳು ಟಾರ್ಚ್ ಬೆಳಕಿನ ಹಾಗೆ. ಮೂತಿ ಎತ್ತ ಇದೆಯೋ ಅತ್ತಲೇ ಹೋಗುತ್ತವೆ. ಪೆಟ್ಟಿಗೆಯಲ್ಲಿ ಮೇಲುಗಡೆ ಇರುವ ಚಿಕ್ಕ ಬಿಲ್ಲೆ, ಅದೇ ಟ್ವೀಟರ್, ಈ ಕೆಲಸ ಮಾಡೋದು. ಶೋಕೇಸ್ ಮೇಲಿದ್ದ ನಮ್ಮ ಟ್ವೀಟರ್ ಎದುರು ಗೋಡೆಯ ಕ್ಯಾಲೆಂಡರ್‌ಗೆ ಹಾಡು ಹೇಳ್ತಿತ್ತು, ಮೂಲೆಯದ್ದು ಬಾಗಿಲಿಗೆ. ಅತ್ತೆಗೆ ಸಿಕ್ಕಿದ್ದು ಬರೀ ಘಾಟು.

ವಯಸ್ಸಾದ ಹಾಗೆ ಕಿವಿಗೆ ಮೊದಲು ಕಡಿಮೆಯಾಗೋದೂ ಈ ಸಣ್ಣ ಸದ್ದುಗಳೇ. ಅದಕ್ಕೇ ಹಿರಿಯರು "ದನಿ ಕೇಳ್ತದೆ, ಮಾತು ತಿಳಿಯಲ್ಲ" ಅನ್ನೋದು. ಅಂಥವರಿಗೆ ವಾಲ್ಯೂಮ್ ಏರಿಸಿದರೆ ಘಾಟು ಜಾಸ್ತಿಯಾಗುತ್ತೆ ಅಷ್ಟೇ. ಬೇಕಾದದ್ದು ದಿಕ್ಕು.

ಇನ್ನೊಂದು ವಿಷಯ. ಹಳ್ಳಿಯಲ್ಲಿ ಇದೇ ಸ್ಪೀಕರ್ ಚೆನ್ನಾಗಿ ಹಾಡ್ತಿತ್ತಲ್ಲ, ಯಾಕೆ? ನಮ್ಮ ಕಡೆ ಹಳೇ ಮನೆಗಳು ನಿಮಗೆ ಗೊತ್ತೇ ಇದೆ. ಸಿಪ್ಪೆ ಸಮೇತ ಕಾಯಿಯನ್ನು ಅಟ್ಟಕ್ಕೆ ಹಾಕಿ ಹತ್ತು-ಹನ್ನೆರಡು ತಿಂಗಳು ಬಿಡ್ತೀವಿ, ಅಲ್ಲಾಡಿಸಿದಾಗ ಒಳಗೆ ಗಿಟುಕು ಗೊಟಗೊಟ ಅನ್ನೋವರೆಗೆ. ಅಂದರೆ ಮಾವನವರು ಹಾಡು ಕೇಳ್ತಿದ್ದದ್ದು ಸಾವಿರಾರು ನಾರಿನ ಉಂಡೆಗಳ ಕೆಳಗೆ! ನಾರು ಸದ್ದನ್ನು ಹೀರಿಕೊಳ್ಳುತ್ತೆ, ಉರುಟು ಕಾಯಿ ಉಳಿದದ್ದನ್ನು ಚೆದುರಿಸುತ್ತೆ. ನಮ್ಮ ಪೇಟೆ ಮನೆಯಲ್ಲಿ ಆರ್‌ಸಿಸಿ ಸೂರು, ಕನ್ನಡಿಯಂಥ ಟೈಲ್ಸು, ಗಾಜಿನ ಶೋಕೇಸು. ಚಪ್ಪಾಳೆ ತಟ್ಟಿದರೆ ಟಂಗ್ ಅಂತ ವಾಪಸ್ ಬರುತ್ತೆ. ನಿಮ್ಮ ಹಾಲ್‌ನಲ್ಲಿ ಒಮ್ಮೆ ತಟ್ಟಿ ನೋಡಿ.

ಹಗ್ಗ ಹಿಡಿಯಿರಿ

ಮೊದಲು ಕೇಳುವವರ ಕುರ್ಚಿ ಎಲ್ಲಿ ಅಂತ ನಿರ್ಧಾರ ಮಾಡಿ. ಗೋಡೆಗೆ ಅಂಟಿದ ಕುರ್ಚಿ ಬೇಡ, ಒಂದೆರಡು ಮೊಳ ಮುಂದಿರಲಿ. ಆಮೇಲೆ ಸ್ಪೀಕರ್. ಇಪ್ಪತ್ತೊಂದು ಅಡಿ ನಾರಿನ ಹಗ್ಗ ತಗೊಂಡು ಏಳು ಅಡಿಗೊಂದು ಗಂಟು ಹಾಕಿ, ತುದಿ ಸೇರಿಸಿ. ಎರಡು ಗಂಟಿನ ಹತ್ತಿರ ಸ್ಪೀಕರ್, ಮೂರನೇ ಗಂಟಿನ ಹತ್ತಿರ ಕುರ್ಚಿ. ಮೂರು ಕಡೆಯೂ ಸಮ ಇರುವ ತ್ರಿಕೋನ ಬಂತಲ್ಲ, ಅದೇ ಲೆಕ್ಕ. ಹಾಲ್ ಚಿಕ್ಕದಾದರೆ ಐದು ಅಡಿ, ಆರು ಅಡಿ ಮಾಡ್ಕೊಳ್ಳಿ. ಮೂರೂ ಸಮ ಇರೋದು ಮುಖ್ಯ. ಒಂದು ಸ್ಪೀಕರ್ ಹತ್ತಿರ, ಇನ್ನೊಂದು ದೂರ ಆದರೆ ಹಾಡುಗಾರರು ಹತ್ತಿರದ ಪೆಟ್ಟಿಗೆಯೊಳಗೆ ಹೋಗಿ ಕೂತುಬಿಡ್ತಾರೆ. ಮಧ್ಯೆ ನಿಂತು ಹಾಡಬೇಕಾದವರು ಅವರು!

ಸ್ಟೀರಿಯೊ ಅನ್ನೋದು ಹುಟ್ಟಿದ್ದೂ ಇದಕ್ಕೇ ಅಂತೆ. ಇಂಗ್ಲೆಂಡಿನ ಅಲನ್ ಬ್ಲಮ್ಲೈನ್ ಅನ್ನೋ ಎಂಜಿನಿಯರ್ ಹೆಂಡತಿ ಜೊತೆ ಸಿನಿಮಾಕ್ಕೆ ಹೋಗಿದ್ದಾಗ, ನಟ ತೆರೆಯ ಒಂದು ತುದಿಯಲ್ಲಿದ್ದರೆ ದನಿ ಇನ್ನೆಲ್ಲಿಂದಲೋ ಬರುತ್ತಲ್ಲ ಅಂತ ತಲೆ ಕೆಡಿಸಿಕೊಂಡರಂತೆ. 1931ರಲ್ಲಿ ಪೇಟೆಂಟ್‌ಗೆ ಅರ್ಜಿಯನ್ನೂ ಹಾಕಿದರು. ನಮ್ಮ ಯಜಮಾನರು ಸಿನಿಮಾದಲ್ಲಿ ನಿದ್ದೆ ಮಾಡ್ತಾರೆ, ಇರಲಿ.

ಇನ್ನು ಗೋಡೆ. ಸ್ಪೀಕರ್ ಗೋಡೆಗೆ ಹತ್ತಿರ ಹೋದಷ್ಟೂ ದಪ್ಪ ಸ್ವರ ಉಬ್ಬುತ್ತೆ. ಮೂಲೆಗೆ ಹೋದರೆ ಎರಡು ಗೋಡೆಯೂ ಸೇರಿ ಗುಂಯ್ ಅನ್ನಿಸುತ್ತವೆ. ಹಿಂದೆ ಒಂದು ಮೊಳ ಬಿಟ್ಟು ಶುರು ಮಾಡಿ, ಪಕ್ಕದ ಗೋಡೆಗೆ ಅದಕ್ಕಿಂತ ಜಾಸ್ತಿ ಇರಲಿ. ಹಾಡು ಹಾಕಿಕೊಂಡು ಅರ್ಧ ಗೇಣು ಹಿಂದೆ, ಅರ್ಧ ಗೇಣು ಮುಂದೆ ಸರಿಸುತ್ತಾ ಕೇಳಿ. ಉಪ್ಪು ನೋಡಿದ ಹಾಗೆ ಇದು. ಜಾಸ್ತಿಯಾದರೆ ಗುಂಯ್, ಕಡಿಮೆಯಾದರೆ ಸಪ್ಪೆ. ಚಿಕ್ಕ ಪೆಟ್ಟಿಗೆಗೆ ಗೋಡೆಯ ಆಸರೆ ಸ್ವಲ್ಪ ಬೇಕು. ಬೆನ್ನಿಗೆ ತೂತು ಇರುವಂಥದ್ದಾದರೆ ಮಾತ್ರ ಧಾರಾಳವಾಗಿ ಜಾಗ ಬಿಡಿ. ಯಾವ ಮೂಲೆ ಶುಭ ಅಂತ ಓರಗಿತ್ತಿ ಫೋನ್ ಮಾಡಿ ಕೇಳಿದರು. ಸ್ಪೀಕರ್‌ಗೆ ಯಾವ ಮೂಲೆಯೂ ಶುಭ ಅಲ್ಲ ಕಣ್ರೀ.

ಎತ್ತರ, ಓರೆ

ಕೂತವರ ಕಿವಿಯ ಮಟ್ಟಕ್ಕೆ ಟ್ವೀಟರ್ ಬರಬೇಕು. ಸಾಮಾನ್ಯ ಕುರ್ಚಿಯಲ್ಲಿ ಕೂತರೆ ನೆಲದಿಂದ ಮೂರು ಅಡಿ ಮೇಲೆ-ಕೆಳಗೆ. ಗಟ್ಟಿಮುಟ್ಟಾದ ಸ್ಟೂಲ್, ಇಟ್ಟಿಗೆ ಮೇಲೆ ಕಡಪ ಕಲ್ಲು, ಏನಾದರೂ ಆದೀತು, ಅಲ್ಲಾಡಬಾರದು ಅಷ್ಟೇ. ಪೆಟ್ಟಿಗೆ ನಿಂತೇ ಇರಲಿ, ಮಲಗಿಸಬೇಡಿ. ಮಲಗಿಸಿದರೆ ದೊಡ್ಡ ಬಿಲ್ಲೆ, ಚಿಕ್ಕ ಬಿಲ್ಲೆ ಅಕ್ಕಪಕ್ಕ ಬಂದು, ನೀವು ಒಂಚೂರು ಪಕ್ಕಕ್ಕೆ ವಾಲಿದರೂ ದನಿ ಬದಲಾಗುತ್ತೆ. ಎತ್ತರ ಮಾಡೋಕೆ ಆಗಲ್ಲ ಅಂದರೆ ಮುಂದಿನ ಅಂಚಿನ ಕೆಳಗೆ ಏನಾದರೂ ಕೊಟ್ಟು ಮೂತಿ ಸ್ವಲ್ಪ ಮೇಲೆತ್ತಿ. ನಮ್ಮೆಜಮಾನರು ಕರಟದ ಚೂರು ಕೊಟ್ಟರು. ಅದು ಜಾರಿ ಪೆಟ್ಟಿಗೆ ದಬಕ್ಕಂತ ಬಿತ್ತು, ಮೂಲೆ ಜಜ್ಜಿಹೋಯ್ತು. ಆಮೇಲೆ ಹವಾಯಿ ಚಪ್ಪಲಿ ಕತ್ತರಿಸಿ ಹಾಕಿದ್ದು. ರಬ್ಬರ್ ಜಾರೋದೂ ಇಲ್ಲ, ಸ್ಟೂಲ್‌ಗೆ ನಡುಕ ಹತ್ತೋದೂ ಇಲ್ಲ.

ಈಗ ಓರೆ. ಎರಡೂ ಸ್ಪೀಕರ್ ನೇರ ಎದುರು ಗೋಡೆ ನೋಡ್ತಿದ್ದರೆ ಮಧ್ಯೆ ಕೂತವರಿಗೆ ಸಣ್ಣ ಸದ್ದು ಕಡಿಮೆ. ಒಳಮುಖ ತಿರುಗಿಸಿ. ಕುರ್ಚಿಯಿಂದ ನೋಡಿದಾಗ ಪೆಟ್ಟಿಗೆಯ ಒಳಗಡೆಯ ಪಕ್ಕ ಒಂದು ಗೆರೆಯಷ್ಟು ಕಂಡರೆ ಸರಿ. ಪೂರ್ತಿ ನಿಮ್ಮ ಕಡೆಗೇ ತಿರುಗಿಸಿದರೆ ಆ ಪಕ್ಕ ಮರೆಯಾಗುತ್ತೆ. ಹಳೇ ಟ್ವೀಟರ್ ಕೆಲವು ಕೀಚಲು ಇರುತ್ತವೆ, ಅವಕ್ಕೆ ಓರೆ ಕಮ್ಮಿ ಮಾಡಿ. ಅತ್ತೆಯಂಥ ಹಿರಿಯರಿಗಾದರೆ ಪೂರ್ತಿ ಮುಖ ಮಾಡಿಸಿಬಿಡಿ. ಕೆಲವು ಜೋಡಿಗಳಲ್ಲಿ ಟ್ವೀಟರ್ ನಡುವೆ ಇರದೆ ಒಂದು ಪಕ್ಕಕ್ಕಿರುತ್ತೆ, ಒಂದಕ್ಕೆ ಎಡಕ್ಕೆ, ಇನ್ನೊಂದಕ್ಕೆ ಬಲಕ್ಕೆ. ಎರಡೂ ಟ್ವೀಟರ್ ಒಳಗಡೆ ಬರೋ ಹಾಗಿಟ್ಟು ಶುರು ಮಾಡಿ.

ಸರಿಯಾಗಿದೆಯಾ ಅಂತ ನೋಡೋದು ಹೇಗೆ? ಪಿ. ಕಾಳಿಂಗರಾಯರ ಹಳೇ ಹಾಡೋ, ಅರವತ್ತರ ದಶಕದ ಸಿನಿಮಾ ಹಾಡೋ ಹಾಕಿ. ಆ ಕಾಲದ ಧ್ವನಿಮುದ್ರಣ ಸ್ಟೀರಿಯೊ ಅಲ್ಲ, ಎರಡು ಕಡೆಯೂ ಒಂದೇ ಸದ್ದು. ಕಣ್ಣು ಮುಚ್ಚಿದರೆ ದನಿ ನಟ್ಟನಡುವೆ, ಖಾಲಿ ಜಾಗದಿಂದ ಬರಬೇಕು. ಎಲ್ಲಿಂದಲೋ ತೇಲಿಬಂದ ಹಾಗೆ, ಟೊಳ್ಳು ಟೊಳ್ಳಾಗಿ, ದಪ್ಪ ಸ್ವರವೇ ಇಲ್ಲದ ಹಾಗೆ ಕೇಳ್ತಿದೆಯಾ? ಹಾಗಾದರೆ ಒಂದು ಸ್ಪೀಕರ್‌ನ ಕೆಂಪು-ಕಪ್ಪು ವೈರು ಅದಲುಬದಲಾಗಿದೆ. ಸ್ವಿಚ್ ಆಫ್ ಮಾಡಿ ಒಂದು ಕಡೆಯದನ್ನು ಮಾತ್ರ ಸರಿಮಾಡಿ. ವೈರಿನ ಎಳೆ ಒಂದಕ್ಕೊಂದು ತಾಗದಿರಲಿ, ತಾಗಿದರೆ ಆಂಪ್ಲಿಫಯರ್‌ಗೆ ಅಪಾಯ.

ಕೈಗನ್ನಡಿ ಯಾಕೆ ಅಂದಿರಾ? ನೀವು ಕುರ್ಚಿಯಲ್ಲಿ ಕೂತು, ಮಕ್ಕಳ ಕೈಲಿ ಕನ್ನಡಿ ಕೊಟ್ಟು ಪಕ್ಕದ ಗೋಡೆ ಮೇಲೆ ನಿಮ್ಮ ಕಿವಿಯ ಮಟ್ಟದಲ್ಲಿ ಸರಿಸಿಕೊಂಡು ಹೋಗೋಕೆ ಹೇಳಿ. ಎಲ್ಲಿ ಕನ್ನಡಿಯೊಳಗೆ ಸ್ಪೀಕರ್ ಕಾಣುತ್ತೋ ಅಲ್ಲಿಂದಲೇ ಸದ್ದು ಗೋಡೆಗೆ ಬಡಿದು ನಿಮ್ಮ ಹತ್ತಿರ ಬರೋದು. ಅಲ್ಲಿ ದಪ್ಪ ಪರದೆಯೋ, ಪುಸ್ತಕದ ಕಪಾಟೋ ಇರಲಿ. ನಡುವಿನ ನೆಲಕ್ಕೆ ಒಂದು ಜಮಖಾನ. ನಾನು ನಾರಿನ ಮ್ಯಾಟ್ ತಂದು ಹಾಸಿದೆ, ನಮ್ಮೂರಲ್ಲಿ ನಾರಿಗೇನು ಬರ? ಆದರೆ ಪರದೆ, ಮ್ಯಾಟು ಟಂಗ್ ಅನ್ನೋದನ್ನ ಮಾತ್ರ ತಗ್ಗಿಸ್ತವೆ. ಗುಂಯ್ ಅನ್ನೋದಕ್ಕೆ ಪೆಟ್ಟಿಗೆಯನ್ನೇ ಸರಿಸಬೇಕು.

ಇಷ್ಟೆಲ್ಲ ಮಾಡೋ ಮುಂಚೆ ಮುಂದಿನ ಬಟ್ಟೆ ತೆಗೆದು ಒಮ್ಮೆ ನೋಡಿಬಿಡಿ. ದೊಡ್ಡ ಬಿಲ್ಲೆಯ ಸುತ್ತ ಸ್ಪಂಜಿನ ಅಂಚಿದ್ದರೆ ಇಷ್ಟು ವರ್ಷಕ್ಕೆ ಬೆಲ್ಲದ ಹಾಗೆ ಅಂಟಾಗಿ ಉದುರುತ್ತಿರುತ್ತೆ. ಅದನ್ನು ಬದಲಾಯಿಸಿಕೊಡೋ ರಿಪೇರಿಯವರು ಇನ್ನೂ ಇದ್ದಾರೆ, ಬೆಂಗಳೂರಿನ ಎಸ್.ಪಿ. ರೋಡ್ ಕಡೆ ವಿಚಾರಿಸಿ. ಅಟ್ಟದಲ್ಲಿದ್ದ ಪೆಟ್ಟಿಗೆಯ ತೂತಿನೊಳಗೆ ಟಾರ್ಚ್ ಹಾಕೋದು ಮರೀಬೇಡಿ. ನಮ್ಮದರಲ್ಲಿ ಇಲಿ ನಾರು ತುಂಬಿಕೊಂಡು ಸಂಸಾರ ಹೂಡಿತ್ತು. ಮನೆಯಲ್ಲಿ ಹಳೇ ಡೂಮ್ ಟಿವಿ ಇದ್ದರೆ ಸ್ಪೀಕರ್ ದೂರ ಇಡಿ, ಅಯಸ್ಕಾಂತಕ್ಕೆ ಅದರ ಬಣ್ಣ ಕೆಡುತ್ತೆ.

ನಮ್ಮ ಅತ್ತೆ ವಿಷಯಕ್ಕೆ ಬರ್ತೀನಿ. ಎಲ್ಲ ಜೋಡಿಸಿದ ಸಂಜೆ ನಿತ್ಯೋತ್ಸವ ಹಾಕಿದೆ. 1978ರ ಆ ಕ್ಯಾಸೆಟ್ ಮಾವನವರಿಗೆ ಪ್ರಾಣ. ಅತ್ತೆ ಮೊದಲ ಹಾಡು ಸುಮ್ಮನೆ ಕೇಳಿದರು. ಎರಡನೇ ಹಾಡಿಗೆ ತುಟಿ ಅಲ್ಲಾಡ್ತಿತ್ತು. ಮೂರನೆಯದಕ್ಕೆ, "ಎಡಗಡೆದು ಯಾಕವ್ವ ಸಣ್ಣಕೆ ಹಾಡ್ತದೆ?" ಅಂದರು. ನನಗೆ ಎರಡೂ ಸಮ ಕೇಳ್ತಿತ್ತು. ಎಡ-ಬಲದ ವೈರು ಬದಲಿಸಿ ನೋಡಿದೆ, ಆಗಲೂ ಎಡಗಡೆಯೇ ಸಣ್ಣಕೆ ಅಂದರು. ಮಾರನೇ ವಾರ ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಬಲಗಿವಿ ವಯಸ್ಸಿಗೆ ತಕ್ಕ ಹಾಗಿದೆ, ಎಡಗಿವಿ ಸ್ವಲ್ಪ ಹೆಚ್ಚು ಮಂದ, ಒಳಗೆ ಗುಗ್ಗೆಯೂ ಗಟ್ಟಿಯಾಗಿ ಕೂತಿದೆ ಅಂದರು. ಗುಗ್ಗೆ ತೆಗೆದ ಮೇಲೆ ಎಷ್ಟೋ ವಾಸಿ. ನಿಮ್ಮ ಮನೆಯಲ್ಲೂ ಯಾರಾದರೂ "ಪದ ತಿಳಿಯಲ್ಲ" ಅಂದರೆ ಸ್ಪೀಕರನ್ನೂ ನೋಡಿ, ಕಿವಿಯನ್ನೂ ತೋರಿಸಿ. ಒಂದು ಮಾಡಿದೆವಲ್ಲ ಅಂತ ಇನ್ನೊಂದು ಬಿಡಬೇಡಿ. ಉಳಿದ ವ್ಯತ್ಯಾಸಕ್ಕೆ ಸ್ಟೀರಿಯೊದಲ್ಲಿ ಬ್ಯಾಲೆನ್ಸ್ ಅನ್ನೋ ತಿರುಗಣೆ ಇದೆಯಲ್ಲ, ಅದನ್ನ ಎಡಕ್ಕೆ ಒಂಚೂರು ತಿರುಗಿಸಿದ್ದೀವಿ.

ಮನೆಯಲ್ಲಿ ಕೂಗಿ ಮಾತಾಡೋದು ನಿಂತಿದೆ. ಆದರೆ ಹೊಸ ತಾಪತ್ರಯ ಒಂದು ಶುರುವಾಗಿದೆ. ನೆಲ ಒರೆಸುವಾಗ ಕುರ್ಚಿ ಅತ್ತಿತ್ತ ಆದರೆ ಅತ್ತೆಗೆ ತಕ್ಷಣ ಗೊತ್ತಾಗುತ್ತೆ. "ಹಾಡೋರು ಶೋಕೇಸ್ ಕಡೆಗೆ ಹೋದ್ರು, ಯಾರು ಎಳೆದಿದ್ದು ನನ್ನ ಕುರ್ಚೀನ?" ಅಂತಾರೆ. ಸೀಮೆಸುಣ್ಣದ ಗುರುತು ಒರೆಸುವ ಬಟ್ಟೆಗೆ ಅಳಿಸಿಹೋಗ್ತಿತ್ತು. ಈಗ ಕುರ್ಚಿಯ ನಾಲ್ಕು ಕಾಲಿನ ಜಾಗದಲ್ಲೂ ನೆಲಕ್ಕೆ ನನ್ನ ನೇಲ್ ಪಾಲಿಷ್‌ನ ಚುಕ್ಕೆ ಇಟ್ಟಿದ್ದೀನಿ.