ಗೆದ್ದ ಮೇಳಕ್ಕೆ ಢಾಲು. ಸೋತ ಮೇಳಕ್ಕೆ ಏನು ಸ್ವಾಮಿ?

ಬನದ ಹುಣ್ಣಿಮೆ ಬಂತೆಂದರೆ ಸಾಕು, ಬಾಗಲಕೋಟೆ, ವಿಜಯಪುರ, ಬೆಳಗಾವಿ ಸೀಮೆಯಲ್ಲಿ ಜಾತ್ರೆಗಳ ಸಾಲು ಶುರುವಾಗುತ್ತದೆ. ತೇರು ಎಳೆದದ್ದಾಯಿತು, ಮಂಡಕ್ಕಿ ಮಿರ್ಚಿ ತಿಂದದ್ದಾಯಿತು. ರಾತ್ರಿ ಊಟ ಮುಗಿಸಿ, ಕಂಬಳಿ ಹೆಗಲಿಗೇರಿಸಿ ಜನ ಗುಡಿ ಮುಂದಿನ ಬಯಲಿಗೆ ಬಂದು ಕೂಡುವುದು ಯಾತಕ್ಕೆ? ಹಾಡಕಿ ಕೇಳಲಿಕ್ಕೆ! ಬರೀ ಹಾಡಕಿಯಲ್ಲ, ಜಿದ್ದಿನ ಹಾಡಕಿ. ಒಂದು ಕಡೆ ಹರದೇಶಿ, ಎದುರಿಗೆ ನಾಗೇಶಿ.

ಪಟ್ಟಣದ ಓದುಗರಿಗೆ ಒಂದಿಷ್ಟು ಬಿಡಿಸಿ ಹೇಳಬೇಕು. ಹರದೇಶಿಯವರದು ಹರನ ಪಕ್ಷ, ಗಂಡೇ ಹೆಚ್ಚು ಎನ್ನುವ ವಾದ. ನಾಗೇಶಿಯವರದು ಶಕ್ತಿಯ ಪಕ್ಷ, ಹೆಣ್ಣಿಲ್ಲದೆ ಜಗತ್ತೇ ಇಲ್ಲ ಎನ್ನುವ ವಾದ. ಕಲ್ಗಿ-ತುರಾ ಎಂತಲೂ ಇದಕ್ಕೆ ಹೆಸರುಂಟು. ಕೈಯಲ್ಲಿ ದಪ್ಪು, ತುಂತುಣಿ, ತಾಳ. ಮುಂದೆ ಒಬ್ಬರು ನುಡಿ ಎತ್ತಿದರೆ ಹಿಂದಿನವರು 'ಗೀಯ ಗೀಯ' ಎಂದು ದನಿಗೂಡಿಸುತ್ತಾರೆ. ಗೀಗೀ ಪದ ಎಂಬ ಹೆಸರು ಬಂದದ್ದೇ ಅದರಿಂದ.

ಮೊದಲು ಸ್ತುತಿ, ಆಮೇಲೆ ಸವಾಲು. ಬೀಜ ದೊಡ್ಡದೋ ಭೂಮಿ ದೊಡ್ಡದೋ? ಒಬ್ಬರು ಪುರಾಣದಿಂದ ಎತ್ತಿದರೆ ಇನ್ನೊಬ್ಬರು ಸಂಸಾರದಿಂದ ಜವಾಬು ಕೊಡಬೇಕು. ತಡವರಿಸಿದರೋ, ಕೂತ ಜನ ಬಿಡುವುದಿಲ್ಲ. 'ಏ ತಮ್ಮಾ, ಇದಕ ಜವಾಬ ಕೊಡು ನೋಡೂಣು!' ಅಂತ ಹಿಂದಿನಿಂದ ಕೂಗು ಬಂದೇ ಬರುತ್ತದೆ. ಕೋಳಿ ಕೂಗುವ ಹೊತ್ತಿಗೆ ಶಿವನೂ ಶಕ್ತಿಯೂ ಒಂದೇ ಎಂದು ಎರಡೂ ಮೇಳ ಕೂಡಿ ಮಂಗಳ ಹಾಡಿದರೆ ಜಿದ್ದು ಅಲ್ಲಿಗೆ ಮುಗಿಯಿತು.

ಇದೇ ಸಾಲಿ, ಇದೇ ಪೇಪರು

ಈ ಜಿದ್ದಾಜಿದ್ದಿ ಬರೀ ಮೋಜಲ್ಲ. ಅಕ್ಷರ ಬಾರದವರಿಗೆ ಪುರಾಣ ತಿಳಿದದ್ದು, ಶರಣರ ಕಥೆ ಗೊತ್ತಾದದ್ದು ಇಂಥ ರಾತ್ರಿಗಳಲ್ಲಿ. ಲಾವಣಿ, ಗೀಗೀ ಪದಗಳೇ ಆಗಿನ ಕಾಲದ ಪೇಪರು ಅಂದರೂ ತಪ್ಪಲ್ಲ. 1857ರಲ್ಲಿ ಕಂಪನಿ ಸರಕಾರ ಹತಾರ ಒಪ್ಪಿಸಿರೆಂದಾಗ ಮುಧೋಳ ಸೀಮೆಯ ಹಲಗಲಿಯ ಬೇಡರು ತಿರುಗಿ ನಿಂತರಲ್ಲ, ಆ ಕಥೆ ಜನರ ಬಾಯಲ್ಲಿ ಉಳಿದದ್ದು ಲಾವಣಿಯಾಗಿ. ಜಾನ್ ಫೇತ್‌ಫುಲ್ ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿ 1880ರ ದಶಕದಲ್ಲಿ ಅದನ್ನು ಅಚ್ಚು ಹಾಕಿಸಿದ. ಅಚ್ಚಿನವರೆಗೆ ಅದನ್ನು ಕಾಪಾಡಿಕೊಂಡು ಬಂದವರು ಹಾಡುವ ಮಂದಿ.

ಜಿದ್ದಿಗೆ ಇನ್ನೂ ಒಂದು ಗುಣವುಂಟು. ಈ ವರ್ಷ ಸವಾಲಿಗೆ ಸೋತವನು ಮನೆಗೆ ಹೋಗಿ ಸುಮ್ಮನೆ ಮಲಗುವುದಿಲ್ಲ. ಗುರುವಿನ ಹತ್ತಿರ ಹೋಗುತ್ತಾನೆ, ಪುರಾಣ ತಿರುವಿ ಹಾಕುತ್ತಾನೆ, ಹೊಸ ಪದ ಕಟ್ಟುತ್ತಾನೆ. ಹಾಡ್ತಾ ಹಾಡ್ತಾ ರಾಗ ಅಂತ ಹಿರಿಯರು ಅಂದದ್ದು ಸುಳ್ಳಲ್ಲ. ಸೋತವನೇ ಮುಂದಿನ ಜಾತ್ರೆಯ ಬಂಡವಾಳ!

ನಿಮಿಷದ ಲೆಕ್ಕ

ಈಗಿನ ಹಕೀಕತ್ತು ಬೇರೆ. ಯುವಜನ ಮೇಳ, ಯುವಜನೋತ್ಸವ ಅಂತ ಸರಕಾರದ ಸ್ಪರ್ಧೆಗಳಿವೆ. ಲಾವಣಿ, ಗೀಗೀ ಪದ, ಸೋಬಾನೆ ಪದ, ಭಜನೆ ಎಲ್ಲಕ್ಕೂ ಅಲ್ಲಿ ಜಾಗವುಂಟು. ತಾಲೂಕಿನಲ್ಲಿ ಗೆದ್ದವರು ಜಿಲ್ಲೆಗೆ, ಅಲ್ಲಿಂದ ಮೇಲಕ್ಕೆ. ಒಳ್ಳೆಯದೇ. 2023ರ ಜನವರಿಯಲ್ಲಿ ಹುಬ್ಬಳ್ಳಿ-ಧಾರವಾಡದಲ್ಲಿ ರಾಷ್ಟ್ರೀಯ ಯುವಜನೋತ್ಸವವೇ ನಡೆಯಿತು. ಆದರೆ ಅಲ್ಲಿ ಹಾಡು ನಿಮಿಷದ ಲೆಕ್ಕದಲ್ಲಿ. ಸವಾಲಿಲ್ಲ, ಜವಾಬಿಲ್ಲ. ರಾತ್ರಿಯಿಡೀ ಹರಿಯುವ ಹೊಳೆಯನ್ನು ತಂಬಿಗೆಯಲ್ಲಿ ತುಂಬಿ ತೋರಿಸಿದ ಹಾಗೆ.

ಹೊಳೆ ಹರಿಯಬೇಕಾದ ಊರ ಜಾತ್ರೆಯ ಕಥೆಯಾದರೂ ಏನು? ಕಮಿಟಿಯವರು ಮನೆಮನೆಗೆ ಪಟ್ಟಿ ಎತ್ತುತ್ತಾರೆ. ಕೂಡಿದ ದುಡ್ಡಿನಲ್ಲಿ ರಸಮಂಜರಿಗೆ, ಡಿಜೆಗೆ ದೊಡ್ಡ ಪಾಲು ಹೋದ ಮೇಲೆ ಹಾಡಕಿಗೆ ಉಳಿದದ್ದು. 'ಏನೋ ಹಳೇ ಮಂದಿ ಕೇಳತಾರಂತ ಇಟ್ಟೇವ್ರಿ' ಅಂತ ಸಮಜಾಯಿಷಿ ಬೇರೆ.

ಗೆದ್ದ ಮೇಳಕ್ಕೆ ಢಾಲು, ಬೆಳ್ಳಿ ಕಡಗ, ಹಾರ. ಸೋತ ಮೇಳ ಬೆಳಿಗ್ಗೆ ಬಸ್ ಸ್ಟ್ಯಾಂಡಿನಲ್ಲಿ ಕೂತು ಲೆಕ್ಕ ಹಾಕಬೇಕು: ಟೆಂಪೋ ಬಾಡಿಗೆ ಎಷ್ಟು, ಹಿಮ್ಮೇಳದವರ ಒಂದು ದಿನದ ಕೂಲಿ ಎಷ್ಟು? ಒಂದು ಮೇಳವೆಂದರೆ ಮೂರು ನಾಲ್ಕು ಜನ. ಹಿಮ್ಮೇಳದ ಹುಡುಗ ಗೋವಾಕ್ಕೋ ಪುಣೆಗೋ ದುಡಿಯಲಿಕ್ಕೆ ಹೋದನೆಂದರೆ ಮೇಳವೇ ಕುಂತಿತು. ಎದುರಿಗೆ ಮೇಳವಿಲ್ಲದಿದ್ದರೆ ಗೆದ್ದವನಾದರೂ ಯಾರ ಮುಂದೆ ಹಾಡಬೇಕು? ಜಿದ್ದಿಗೆ ಇಬ್ಬರು ಬೇಕಲ್ಲವೇ!

ಇಷ್ಟರ ಮೇಲೆ ಮೊಬೈಲಿನ ಕಾರಭಾರ. ವೇದಿಕೆಯ ಮುಂದೆ ಕಂಬದ ಹಾಗೆ ನಿಂತು ವಿಡಿಯೋ ಹಿಡಿದು ಯೂಟ್ಯೂಬಿಗೆ ಏರಿಸುತ್ತಾರೆ. ಡೊಳ್ಳಿನ ಪದ, ಭಜನಾ ಪದ, ಸವಾಲ್-ಜವಾಬ್ ಎಲ್ಲಾ ಅಲ್ಲಿ ಸಿಗುತ್ತದೆ. ಹಾಡು ದೂರದವರಿಗೆ ಮುಟ್ಟಿದ್ದು ಸಂತೋಷ. ಹಾಡಿದವರ ಕಿಸೆಗೆ ಮುಟ್ಟಿದ್ದೆಷ್ಟು ಅಂತ ಕೇಳುವವರು ಯಾರು?

2025ರಲ್ಲಿ ಬಾಗಲಕೋಟೆಯ ಗೊಂದಲಿ ಹಾಡುಗಾರ ವೆಂಕಪ್ಪ ಅಂಬಾಜಿ ಸುಗತೇಕರ ಅವರಿಗೆ ಪದ್ಮಶ್ರೀ ಬಂತು. ಜಿಲ್ಲೆಯೇ ಹೆಮ್ಮೆಪಟ್ಟಿತು, ಪಡಬೇಕಾದದ್ದೇ. ಆದರೆ ದಿಲ್ಲಿಯ ಪ್ರಶಸ್ತಿ ವರ್ಷಕ್ಕೆ ಎಷ್ಟು ಜನ ಹಾಡುಗಾರರಿಗೆ ಬಂದೀತು? ಊರ ಹಾಡುಗಾರನ ಒಲೆ ಉರಿಯುವುದು ಊರ ಜಾತ್ರೆಯಿಂದ.

ಕಮಿಟಿಯವರಿಗೆ ಕೈಮುಗಿದು

ಮುಂದಿನ ಜಾತ್ರೆಗೆ ಪಟ್ಟಿ ಎತ್ತುವ ಮುಂಚೆ ನಮ್ಮ ಕಮಿಟಿ ಯಜಮಾನರು ನಾಲ್ಕು ಮಾತು ಕಿವಿಗೆ ಹಾಕಿಕೊಳ್ಳಲಿ.

ಮೇಳ ಕರೆಯುವಾಗ ಬರೀ ಎಲೆ-ಅಡಿಕೆ ಬೇಡ, ಅರ್ಧ ದುಡ್ಡು ಸಂಚಕಾರ ಕೊಡಿರಿ. ಎರಡೂ ಮೇಳಕ್ಕೆ ಸಂಭಾವನೆ ಸಮ ಇರಲಿ. ಬಹುಮಾನ ಅದರ ಮೇಲಿನ ಮಾತು. ಸೋತರೂ ಹೋಗಿಬರುವ ಖರ್ಚು ಮೈಮೇಲೆ ಬೀಳಬಾರದು.

ನಾಗೇಶಿ ಮೇಳದ ಅಕ್ಕ-ತಂಗಿಯರಿಗೆ ಬಾಗಿಲು ಇರುವ ಒಂದು ಖೋಲಿ ತೋರಿಸಿರಿ. ಹೆಣ್ಣೇ ಹೆಚ್ಚು ಅಂತ ಬೆಳತನಕ ಹಾಡಿದವರು ಸೀರೆ ಬದಲಿಸಲಿಕ್ಕೆ ಮರೆ ಹುಡುಕುವಂತಾದರೆ, ಆ ವಾದದಲ್ಲಿ ಸೋತವರು ಊರವರೇ.

ಪಂಚರ ಜಾಗದಲ್ಲಿ ಚಂದಾ ಹೆಚ್ಚು ಕೊಟ್ಟ ಸಾಹುಕಾರರ ಜೊತೆಗೆ, ಹಾಡಿ ಹಣ್ಣಾದ ಒಬ್ಬ ಹಿರಿಯನನ್ನಾದರೂ ಕೂಡಿಸಿರಿ. ಸಂಜೆ ಅರ್ಧ ತಾಸು ಸಾಲಿ ಮಕ್ಕಳ ಮೇಳಕ್ಕೆ ಬಿಡಿರಿ. ವಿಡಿಯೋ ಹಿಡಿಯುವವರು ಮೊದಲು ಮೇಳದವರನ್ನು ಕೇಳಲಿ.

ಇದಕ್ಕೆಲ್ಲ ಸರಕಾರದ ಆರ್ಡರು ಬೇಕಿಲ್ಲ, ಶಾಸಕರ ಶಿಫಾರಸ್ಸೂ ಬೇಕಿಲ್ಲ. ಡಿಜೆಯ ಬಾಡಿಗೆಯಲ್ಲಿ ಒಂದು ಪಾಲು ಇತ್ತ ತಿರುಗಿಸಿದರೆ ಬಹಳಷ್ಟು ಆಯಿತು.

ದಪ್ಪಿನ ಚರ್ಮ ಥಂಡಿಗೆ ಸಡಿಲಾದರೆ ಹಾಡುವವರು ಬೆಂಕಿಗೆ ಹಿಡಿದು ಕಾಸುತ್ತಾರೆ; ಆಮೇಲೇ ಅದು ನುಡಿಯುವುದು. ಮೇಳಗಳೂ ಈಗ ಹಾಗೇ ಸಡಿಲಾಗಿ ಕುಂತಿವೆ. ಕಾಸುವ ಬೆಂಕಿ ಊರವರ ಕೈಯಲ್ಲಿದೆ. ಏನಂತೀರಿ, ಯಜಮಾನರೇ?